ನಕ್ಷೆಯಲ್ಲಿ 69 ಅಂಕ, ಬೇಸ್‌ಮೆಂಟಿನಲ್ಲಿ ಮೊಣಕಾಲುದ್ದ ನೀರು

ಪ್ರಶ್ನೆ: ನಮ್ಮದು ಬೆಂಗಳೂರಿನ ಮಹದೇವಪುರ ಕಡೆಯ ಬಡಾವಣೆ. ಸುಮಾರು 340 ಮನೆ, ಕೆರೆ ಏರಿಯ ಕೆಳಗೆ. ನಾನು ನಿವಾಸಿಗಳ ಸಂಘದ ಕಾರ್ಯದರ್ಶಿ, ಬ್ಯಾಂಕಿನಿಂದ ನಿವೃತ್ತನಾದವನು, ಕಂಪ್ಯೂಟರ್ ಅಷ್ಟಕ್ಕಷ್ಟೆ. ನಮ್ಮಲ್ಲೇ ಇರುವ ಇಂಜಿನಿಯರ್ ಹುಡುಗನೊಬ್ಬ ಜಿಐಎಸ್ ಬಳಸಿ ವಾರ್ಡಿನ 'ಸುಸ್ಥಿರತೆ ನಕ್ಷೆ' ಮಾಡಿಕೊಟ್ಟಿದ್ದಾನೆ. ಹಸಿರಿಗೆ 90, ಸಾರಿಗೆಗೆ 85, ಕೆರೆಗೆ 80, ಮಳೆನೀರಿನ ಹರಿವಿಗೆ 21. ಒಟ್ಟು 100ಕ್ಕೆ 69, 'ಉತ್ತಮ'. ಐದು ವರ್ಷದಲ್ಲಿ ಹಸಿರು ಜಾಸ್ತಿಯಾಗಿದೆ ಎಂದೂ ತೋರಿಸುತ್ತದೆ. ಆದರೆ ಸಾರ್, ಎರಡು ಮಳೆಗಾಲದಿಂದ ಬೇಸ್‌ಮೆಂಟಿಗೆ ನೀರು ನುಗ್ಗುತ್ತಿದೆ. ಮಾರ್ಚ್ ಬಂದರೆ ಟ್ಯಾಂಕರ್ ಇಲ್ಲದೆ ನಡೆಯಲ್ಲ. ಇನ್ನೊಬ್ಬರು ವಾಟ್ಸ್ಆಪ್‌ನಲ್ಲಿ ಕಳಿಸಿದ 'ಉಷ್ಣ ನಕ್ಷೆ'ಯಲ್ಲಿ ನಮ್ಮ ಇಡೀ ಭಾಗ ಕೆಂಡದ ಹಾಗಿದೆ. ಯಾವುದನ್ನು ನಂಬುವುದು? ಒಂದು ಕಂಪನಿ ಡ್ರೋನ್ ಸರ್ವೆಗೆ ಒಂದೂವರೆ ಲಕ್ಷ ಕೇಳುತ್ತಿದೆ, ಮಾಡಿಸಬೇಕೇ? ರಾಜಕಾಲುವೆ ಒತ್ತುವರಿಯ ದೂರಿಗೆ ಈ ನಕ್ಷೆ ಸಾಕಾಗುತ್ತದೆಯೇ?

ಉತ್ತರ: ನೀವು ಕಳಿಸಿದ ಎರಡೂ ನಕ್ಷೆ ನೋಡಿದೆ. ಆ ಹುಡುಗ ಸುಳ್ಳು ಹೇಳಿಲ್ಲ. ನಿಮ್ಮ ಬೇಸ್‌ಮೆಂಟೂ ಸುಳ್ಳು ಹೇಳುತ್ತಿಲ್ಲ. ಕಣ್ಣಿಗೆ ಕಾಣುವ ತೊಂದರೆ ನಕ್ಷೆಗೆ ಯಾಕೆ ಕಾಣುತ್ತಿಲ್ಲ ಅನ್ನುವುದು ನಿಮ್ಮ ಸಂಕಟ, ಅಲ್ವಾ? ಇದೇ ಕೆಲಸದಲ್ಲಿ ವರ್ಷಗಟ್ಟಲೆ ಕಳೆದವನಿಗೆ ಈ ಪ್ರಶ್ನೆ ಹೊಸದಲ್ಲ. ಉತ್ತರ ಮಾತ್ರ ಸ್ವಲ್ಪ ಉದ್ದ. ಕಾಫಿ ಇಟ್ಟುಕೊಂಡು ಓದಿ.

ಜಿಐಎಸ್‌ನಲ್ಲಿ ಮಾಯೆ ಏನಿಲ್ಲ. ಒಂದು ಟ್ರೇಸಿಂಗ್ ಹಾಳೆಯಲ್ಲಿ ರಸ್ತೆ, ಇನ್ನೊಂದರಲ್ಲಿ ಕೆರೆ, ಮತ್ತೊಂದರಲ್ಲಿ ಮನೆಗಳು. ಎಲ್ಲವನ್ನೂ ಒಂದರ ಮೇಲೊಂದು ಇಟ್ಟು ನೋಡುವುದು. ಪ್ರತಿ ಚುಕ್ಕಿಗೂ ಅಕ್ಷಾಂಶ, ರೇಖಾಂಶ ಇರುವುದರಿಂದ ಕಂಪ್ಯೂಟರ್ ಲೆಕ್ಕ ಹಾಕಿಕೊಡುತ್ತದೆ: ಈ ಕಾಲುವೆಯ 15 ಮೀಟರ್ ಒಳಗೆ ಎಷ್ಟು ಕಟ್ಟಡ, ಆ ಬಸ್ ಸ್ಟಾಪಿಗೆ ಎಷ್ಟು ಮನೆ ಹತ್ತಿರ. ಯಾವ ಹಾಳೆ ಇಡಬೇಕು, ಯಾವುದಕ್ಕೆ ಎಷ್ಟು ತೂಕ ಕೊಡಬೇಕು ಅನ್ನುವುದು ಮಾತ್ರ ಮನುಷ್ಯನ ತೀರ್ಮಾನ. ನಿಮ್ಮ ತಕರಾರು ಹುಟ್ಟಿದ್ದು ಅಲ್ಲಿ.

ನಿಮ್ಮ 69ನ್ನೇ ತೆಗೆದುಕೊಳ್ಳಿ. 90, 85, 80, 21 ಕೂಡಿಸಿ ನಾಲ್ಕರಿಂದ ಭಾಗಿಸಿದರೆ 69. ಲೆಕ್ಕ ಸರಿ. ಆದರೆ ನಿಮ್ಮ ಬಡಾವಣೆಗೆ ಮಳೆನೀರೇ ದೊಡ್ಡ ತಲೆನೋವು ಎಂದು ಅದಕ್ಕೆ ಅರ್ಧ ತೂಕ, ಉಳಿದ ಮೂರಕ್ಕೆ ಇನ್ನರ್ಧ ತೂಕ ಕೊಟ್ಟು ನೋಡಿ. ಅಂಕ 53ಕ್ಕೆ ಇಳಿಯುತ್ತದೆ. ಸರಾಸರಿಯ ಬದಲು ನಾಲ್ಕನ್ನೂ ಗುಣಿಸಿ ನಾಲ್ಕನೇ ಮೂಲ ತೆಗೆದರೆ ಸುಮಾರು 60. ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಸೂಚ್ಯಂಕವೂ 2010ರಿಂದ ಸರಾಸರಿ ಬಿಟ್ಟು ಈ ಗುಣಿಸುವ ದಾರಿಯನ್ನೇ ಹಿಡಿದಿದೆ. ಒಂದರಲ್ಲಿ ಬಿದ್ದರೆ ಇನ್ನೊಂದರಲ್ಲಿ ಸಲೀಸಾಗಿ ಮುಚ್ಚಿಕೊಳ್ಳಲು ಅದು ಬಿಡುವುದಿಲ್ಲ. ಇನ್ನು 'ಸರಪಳಿಯ ಗಟ್ಟಿತನ ಸೋತ ಕೊಂಡಿಯಷ್ಟೇ' ಅನ್ನುವವರು 21 ಎಂದೇ ಬರೆಯುತ್ತಾರೆ. ಅಂಕಿ ಅವೇ, ಉತ್ತರ 69, 60, 53, 21. ಮಗ ಕನ್ನಡದಲ್ಲಿ 90 ತೆಗೆದು ಗಣಿತದಲ್ಲಿ 21 ತೆಗೆದರೆ 'ಒಟ್ಟು ಪಾಸು' ಎಂದು ನೀವು ಸುಮ್ನೆ ಬಿಡುತ್ತೀರಾ?

ಇದು ಹುಡುಗರ ತಪ್ಪು ಮಾತ್ರ ಅಲ್ಲ. 2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 'ಈಸ್ ಆಫ್ ಲಿವಿಂಗ್' ಪಟ್ಟಿ ಬಿಡುಗಡೆ ಮಾಡಿತು. ಹತ್ತು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಬೆಂಗಳೂರಿಗೆ ಮೊದಲ ಸ್ಥಾನ. ಜೊತೆಯಲ್ಲೇ ಬಂದ ಪಾಲಿಕೆಗಳ ಕೆಲಸದ ಪಟ್ಟಿಯಲ್ಲಿ ಆಗಿನ ಬೆಂಗಳೂರು ಪಾಲಿಕೆ ಬಿಬಿಎಂಪಿಗೆ 51ರಲ್ಲಿ 31ನೇ ಸ್ಥಾನ. ಮರುವರ್ಷ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ, ಯಮಲೂರು ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದನ್ನು ನೀವು ಕಣ್ಣಾರೆ ಕಂಡಿರುತ್ತೀರಿ. ಎರಡೂ ಪಟ್ಟಿ ಸುಳ್ಳಲ್ಲ. ಅಳೆದದ್ದು ಬೇರೆ ಬೇರೆ.

ಹಾಗಾಗಿ ನನ್ನ ಸಲಹೆ: ಒಟ್ಟು ಅಂಕವನ್ನು ಹರಿದು ಬಿಸಾಡಿ, ನಾಲ್ಕು ಹಾಳೆಯನ್ನೂ ಬಿಡಿಬಿಡಿಯಾಗಿ ಇಟ್ಟುಕೊಳ್ಳಿ. ಒಂದು ಪ್ರಶ್ನೆಗೆ ಒಂದು ನಕ್ಷೆ. ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ಜಾಗಕ್ಕೆ ಹೋಗಿ ನೋಡಿ. ಈಗ ಒಂದೊಂದಾಗಿ ಬರುತ್ತೇನೆ.

ಹಸಿರಿನ 90ರ ಕಥೆಯೇ ಸ್ವಾರಸ್ಯ. ಆರೋಗ್ಯವಾದ ಎಲೆ ಕೆಂಪು ಬೆಳಕನ್ನು ನುಂಗುತ್ತದೆ, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹಿಂದಕ್ಕೆ ಚೆಲ್ಲುತ್ತದೆ. ಉಪಗ್ರಹ ಎರಡನ್ನೂ ಅಳೆಯುತ್ತದೆ. ಅವುಗಳ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಎನ್‌ಡಿವಿಐ ಎನ್ನುತ್ತಾರೆ. ಅದು ಒಂದರ ಕಡೆಗೆ ಹೋದಷ್ಟೂ ದಟ್ಟ ಹಸಿರು. ನಿಮ್ಮ ಹುಡುಗ ಬಳಸಿರುವುದು ಯುರೋಪಿನ ಸೆಂಟಿನೆಲ್-2 ಚಿತ್ರ. ಅದರ ಒಂದು ಚುಕ್ಕಿ ನೆಲದ ಮೇಲೆ 10 ಮೀಟರ್‌ಗೆ 10 ಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ ಸರಿಸುಮಾರು ಒಂದು ಗುಂಟೆ. ಒಂದು 30/40 ಸೈಟಿಗೆ ಒಂದು ಚುಕ್ಕಿ ಎಂದುಕೊಳ್ಳಿ. ಪುಕ್ಕಟೆ ಸಿಗುವ ಚಿತ್ರಕ್ಕೆ ಇದು ಬಹಳ ಒಳ್ಳೆಯ ಅಳತೆ.

ಆದರೆ ಉಪಗ್ರಹಕ್ಕೆ ಹಸಿರು ಗೊತ್ತು, ಹೊಂಗೆ ಯಾವುದು, ಕಳೆ ಯಾವುದು ಎಂದು ಗೊತ್ತಿಲ್ಲ. ಈ ಕೆಲಸ ಶುರು ಮಾಡಿದ ಹೊಸತರಲ್ಲಿ ನಾನೂ ಒಂದು ಹಸಿರು ನಕ್ಷೆ ಮಾಡಿದ್ದೆ. ಅದರಲ್ಲಿ ಒಂದು ಜಾಗ ಕಾಡಿನಷ್ಟು ದಟ್ಟವಾಗಿ ಕಾಣುತ್ತಿತ್ತು. ವರದಿಯಲ್ಲಿ 'ಸಂರಕ್ಷಿಸಬೇಕಾದ ಹಸಿರು ತಾಣ' ಎಂದು ಬರೆದೂಬಿಟ್ಟೆ. ಆಮೇಲೆ ಹೋಗಿ ನೋಡಿದರೆ ಅದು ಕೆರೆ! ಏರಿಯಿಂದ ಏರಿಗೆ ಅಂತರಗಂಗೆ ತುಂಬಿಕೊಂಡಿತ್ತು. ನೀರು ಒಂದು ಬೊಗಸೆಯಷ್ಟೂ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಒಳಚರಂಡಿಯ ಪೈಪು ಬಂದು ಸೇರುತ್ತಿತ್ತು. ಕೊಳಚೆ ಹೆಚ್ಚಾದಷ್ಟೂ ಅಂತರಗಂಗೆ ಸೊಂಪಾಗಿ ಬೆಳೆಯುತ್ತದೆ, ನಕ್ಷೆಯಲ್ಲಿ ಹಸಿರಿನ ಅಂಕ ಏರುತ್ತದೆ. ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದ 2017, 2018ರ ಸುದ್ದಿ ನಿಮಗೆ ನೆನಪಿರಬೇಕು. ಅಂಥ ಕೆರೆಯೂ ಕಳೆ ಮುಚ್ಚಿದ ತಿಂಗಳಲ್ಲಿ ಎನ್‌ಡಿವಿಐ ಕಣ್ಣಿಗೆ ತೋಟದ ಹಾಗೇ ಕಾಣುತ್ತದೆ.

ನಿಮ್ಮ ನಕ್ಷೆಯನ್ನು ದೊಡ್ಡದು ಮಾಡಿ ನೋಡಿದೆ. ಕೆರೆಯ ಈಶಾನ್ಯ ಮೂಲೆಯಲ್ಲಿ ಅಂಥದ್ದೇ ಒಂದು ದಟ್ಟ ಹಸಿರು ತೇಪೆ ಇದೆ. ನನಗೆ ಅನುಮಾನ. ಹೋಗಿ ನೋಡಿ. ಖಾಲಿ ಸೈಟುಗಳಲ್ಲಿ ಕಾಂಗ್ರೆಸ್ ಗಿಡ ಬೆಳೆದರೂ ಹೀಗೆಯೇ ಮೋಸವಾಗುತ್ತದೆ.

ಇನ್ನು 'ಐದು ವರ್ಷದಲ್ಲಿ ಹಸಿರು ಜಾಸ್ತಿಯಾಗಿದೆ' ಅನ್ನುವ ಮಾತು. ನಕ್ಷೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ತಾರೀಕು ಇದೆ: ಹಳೆಯ ಚಿತ್ರ ಮಾರ್ಚ್‌ದು, ಹೊಸದು ನವೆಂಬರ್‌ದು. ಮಾರ್ಚ್‌ನಲ್ಲಿ ಹುಲ್ಲು ಒಣಗಿ ಹೊಲ ಬೋಳಾಗಿರುತ್ತದೆ. ಮಳೆಗಾಲ ಮುಗಿದ ನವೆಂಬರ್‌ನಲ್ಲಿ ರಸ್ತೆ ಡಿವೈಡರಿನ ಬಿರುಕಲ್ಲೂ ಹುಲ್ಲು. ಈ ಎರಡನ್ನು ಹೋಲಿಸಿದರೆ ಯಾವ ಊರಾದರೂ ಹಸಿರಾಗುತ್ತದೆ. ಒಂದೇ ತಿಂಗಳ ಚಿತ್ರಗಳನ್ನು ಹೋಲಿಸಲು ಹೇಳಿ. ಫೆಬ್ರವರಿ ಒಳ್ಳೆಯದು. ಮೋಡ ಇರುವುದಿಲ್ಲ, ಕಳೆ ಒಣಗಿರುತ್ತದೆ, ಹಸಿರಾಗಿ ಉಳಿಯುವುದು ಹೆಚ್ಚಾಗಿ ಮರಗಳೇ. ಜೊತೆಗೆ ಅವನಿಗೆ ಒಂದು ಕಸುಬಿನ ಗುಟ್ಟು ತಿಳಿಸಿ. 2022ರ ಜನವರಿ ಕೊನೆಯಿಂದ ಸೆಂಟಿನೆಲ್-2 ಚಿತ್ರಗಳ ಅಂಕಿಗಳಿಗೆ 1000 ಕೂಡಿಸಿ ಕೊಡುತ್ತಿದ್ದಾರೆ. ಅದನ್ನು ಕಳೆಯದೆ ಹಳೆಯ ಚಿತ್ರದ ಜೊತೆ ಹೋಲಿಸಿದರೆ ಹಸಿರು ಸುಮ್ನೆ ಕುಸಿದಂತೆ ಕಾಣುತ್ತದೆ. 'ಹಸಿರು ಸತ್ತೇ ಹೋಯಿತು' ಎಂದು ಓಡಾಡುವ ಕೆಲವು ನಕ್ಷೆಗಳ ಹಿಂದೆ ಈ 1000 ಕೂತಿದ್ದರೂ ಆಶ್ಚರ್ಯವಿಲ್ಲ.

ವಾಟ್ಸ್ಆಪ್‌ನ ಕೆಂಪು ನಕ್ಷೆಗೂ ಹೆದರಬೇಡಿ. ಅದು ಗಾಳಿಯ ಉಷ್ಣಾಂಶ ಅಲ್ಲ, ನೆಲ ಮತ್ತು ಸೂರಿನ ಮೈ ಎಷ್ಟು ಕಾದಿದೆ ಎಂಬ ಲೆಕ್ಕ. ಏಪ್ರಿಲ್ ಮಧ್ಯಾಹ್ನ ಟಾರು ರಸ್ತೆಯ ಮೇಲೆ ಬರಿಗಾಲಿಟ್ಟರೆ ಏನಾಗುತ್ತದೋ, ಅದನ್ನು ಅಳೆದ ಹಾಗೆ. ಇಂಥ ನಕ್ಷೆಗಳನ್ನು ಹೆಚ್ಚಾಗಿ ಅಮೆರಿಕದ ಲ್ಯಾಂಡ್‌ಸ್ಯಾಟ್ 8 ಮತ್ತು 9ರಿಂದ ಮಾಡುತ್ತಾರೆ. ಅವು ನಮ್ಮ ಮೇಲೆ ಹಾದುಹೋಗುವುದು ಬೆಳಿಗ್ಗೆ ಹತ್ತೂವರೆ ಆಸುಪಾಸಿನಲ್ಲಿ. ಉಷ್ಣ ಅಳೆಯುವ ಕಣ್ಣಿನ ಒಂದು ಚುಕ್ಕಿ 100 ಮೀಟರ್ ಚೌಕ, ಅಂದರೆ ಸುಮಾರು ಎರಡೂವರೆ ಎಕರೆ. ಆಮೇಲೆ ಅದನ್ನು 30 ಮೀಟರ್ ಚೌಕಗಳಾಗಿ ಕತ್ತರಿಸಿ ಕೊಡುವುದರಿಂದ ನುಣುಪಾಗಿ ಕಾಣುತ್ತದೆ ಅಷ್ಟೆ. ನಿಮ್ಮ ಮನೆ ಬೇರೆ, ಪಕ್ಕದ ಮನೆ ಬೇರೆ ಎಂದು ಹೇಳುವ ತಾಕತ್ತು ಅದಕ್ಕಿಲ್ಲ.

ಇದರಲ್ಲಿ ಎರಡು ತಮಾಷೆಗಳಿವೆ. ಬೇಸಿಗೆಯ ಹಗಲಿನಲ್ಲಿ ನಗರಕ್ಕಿಂತ ಹೊರಗಿನ ಉತ್ತ ಬೋಳು ಹೊಲವೇ ಹೆಚ್ಚು ಕೆಂಪಾಗಿ ಕಾಣುವುದುಂಟು. ಒಣ ಮಣ್ಣು ಬೇಗ ಕಾಯುತ್ತದೆ, ನಗರದ ಕಾಂಕ್ರೀಟು ನಿಧಾನಕ್ಕೆ ಕಾಯ್ದು ರಾತ್ರಿಯೆಲ್ಲ ಶಾಖ ಬಿಡುತ್ತದೆ. ನಗರದ ಸೆಕೆ ನಿಜವಾಗಿ ಗೊತ್ತಾಗುವುದು ರಾತ್ರಿಯ ಚಿತ್ರದಲ್ಲಿ. ಎರಡನೆಯದು ಇನ್ನೂ ವಿಚಿತ್ರ. ಹೊಳೆಯುವ ತಗಡಿನ ಸೂರು ಶಾಖದ ಕಿರಣವನ್ನು ಕಡಿಮೆ ಸೂಸುತ್ತದೆ. ಹಾಗಾಗಿ ಚಿತ್ರದಲ್ಲಿ ತಂಪು ನೀಲಿಯಾಗಿ ಬಂದುಬಿಡಬಹುದು. ಅದರ ಕೆಳಗೆ ಮಲಗಿರುವ ಕೂಲಿ ಕಾರ್ಮಿಕನ ಪಾಡು ಅವನಿಗೇ ಗೊತ್ತು. ನಿಮ್ಮ ಬಡಾವಣೆಯ ಹಿಂದಿನ ಲೇಬರ್ ಶೆಡ್ಡುಗಳು ಆ ನಕ್ಷೆಯಲ್ಲಿ ನೀಲಿಯಾಗಿಯೇ ಇವೆ, ಗಮನಿಸಿದಿರಾ? ಅಲ್ಲದೆ ನಿಮಗೆ ಬಂದ ಚಿತ್ರದಲ್ಲಿ ಬಣ್ಣದ ಪಟ್ಟಿಯೂ ಇಲ್ಲ, ತಾರೀಕೂ ಇಲ್ಲ. 36 ಡಿಗ್ರಿಯನ್ನು ನೀಲಿ, 38 ಡಿಗ್ರಿಯನ್ನು ಕಡುಗೆಂಪು ಮಾಡುವುದು ಎರಡು ಕ್ಲಿಕ್ಕಿನ ಕೆಲಸ. ಆ ನಕ್ಷೆಯನ್ನು ಬಿಟ್ಟುಬಿಡಿ.

ಸಾರಿಗೆಗೆ 85 ಹೇಗೆ ಬಂತು ಎಂದರೆ, ಬಸ್ ಸ್ಟಾಪಿನ ಸುತ್ತ 500 ಮೀಟರ್ ವೃತ್ತ ಎಳೆದಿದ್ದಾನೆ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿ 11ರಲ್ಲಿ ಬಸ್ಸಿಗೆ 500 ಮೀಟರ್, ರೈಲು ಅಥವಾ ಮೆಟ್ರೋಗೆ 1 ಕಿಲೋಮೀಟರ್ ಎಂಬ ಅಳತೆ ಇದೆ, ಅದೇ ಆಧಾರ. ಆದರೆ ವೃತ್ತ ಕಾಗೆಗೆ ಸರಿ, ಮನುಷ್ಯನಿಗಲ್ಲ. ನಡುವೆ ಎರಡು ಬಡಾವಣೆಗಳ ಕಾಂಪೌಂಡು ಗೋಡೆ ಇದ್ದರೆ 500 ಮೀಟರ್ ಒಂದೂವರೆ ಕಿಲೋಮೀಟರ್ ಆಗುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್ ರಸ್ತೆಗಳ ಮೇಲೆ ನಡೆದು ಹೋಗುವ ದೂರವನ್ನೇ ಲೆಕ್ಕ ಹಾಕುವ ಪ್ಲಗಿನ್‌ಗಳು ಕ್ಯೂಜಿಐಎಸ್ ಎಂಬ ನಕ್ಷೆ ಮಾಡುವ ಸಾಫ್ಟ್‌ವೇರ್‌ನಲ್ಲಿ ಇವೆ, ಬಳಸಲಿ. ಆ ಸ್ಟಾಪಿಗೆ ದಿನಕ್ಕೆ ಎಷ್ಟು ಬಸ್ ಬರುತ್ತವೆ ಅನ್ನುವುದನ್ನು ಯಾವ ವೃತ್ತವೂ ಹೇಳುವುದಿಲ್ಲ.

ಈಗ ನಿಮ್ಮ ನಿಜವಾದ ಕಾಯಿಲೆಗೆ ಬರೋಣ. ನೀರು.

ವಾರ್ಡಿನ ಗೆರೆ ಚುನಾವಣೆಗೆ ಎಳೆದದ್ದು, ನೀರಿಗೆ ಅದರ ಪರಿವೆ ಇಲ್ಲ. ಅದೂ ಸಾಲದು ಎಂದು ವಾರ್ಡುಗಳೇ ಬದಲಾಗುತ್ತಿವೆ. 2011ರ ಜನಗಣತಿಯ ಅಂಕಿ ಇರುವುದು ಬಿಬಿಎಂಪಿಯ ಹಳೆಯ 198 ವಾರ್ಡುಗಳಿಗೆ. 2025ರಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದವು, ಗೆರೆಗಳೆಲ್ಲ ಹೊಸದಾದವು. ಹಳೆಯ ವಾರ್ಡಿನ ಅಂಕಿಯನ್ನು ಹೊಸ ವಾರ್ಡಿಗೆ ಹಂಚಿ 'ಅಭಿವೃದ್ಧಿ' ತೋರಿಸುವವರನ್ನು ಕಂಡರೆ ದೂರ ಇರಿ. ನಿಮ್ಮ ಪ್ರಶ್ನೆಗೆ ಬೇಕಾದದ್ದು ಕೆರೆಯ ಜಲಾನಯನದ ಗೆರೆ. ಎಲ್ಲಿ ಬಿದ್ದ ಮಳೆ ನಿಮ್ಮ ಕೆರೆಗೆ ಬರುತ್ತದೆ, ಅಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದು. ಬೆಂಗಳೂರು ಕೂತಿರುವುದು ದಿಣ್ಣೆಯ ಮೇಲೆ, ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿ. ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಕಣಿವೆಗಳಲ್ಲಿ ನೀರು ಇಳಿಯುತ್ತದೆ. ಮೊದಲ ಎರಡರ ನೀರು ಪೂರ್ವಕ್ಕೆ ಹರಿದು ದಕ್ಷಿಣ ಪಿನಾಕಿನಿಗೆ. ಹಳಬರು ಆ ಇಳಿಜಾರಿನಲ್ಲಿ ಒಂದರ ಕೆಳಗೊಂದು ಕೆರೆ ಕಟ್ಟಿದ್ದರು. ಮೇಲಿನದರ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ನಿಮ್ಮ ಬೇಸ್‌ಮೆಂಟಿಗೆ ನುಗ್ಗುವ ನೀರು ನಿಮ್ಮ ವಾರ್ಡಿನಲ್ಲಿ ಬಿದ್ದ ಮಳೆಯೇ ಆಗಿರಬೇಕಿಲ್ಲ.

ಜಲಾನಯನದ ಗೆರೆ ಎಳೆಯಲು ಎತ್ತರದ ಅಂಕಿ ಬೇಕು. ಪುಕ್ಕಟೆ ಸಿಗುವ ಎತ್ತರದ ನಕ್ಷೆ ಎಂದರೆ ಅಮೆರಿಕದ ಎಸ್‌ಆರ್‌ಟಿಎಂ ಅಥವಾ ಇಸ್ರೋದ ಕಾರ್ಟೋಡೆಮ್, ಎರಡೂ 30 ಮೀಟರ್ ಅಳತೆಯವು. ಎಸ್‌ಆರ್‌ಟಿಎಂ 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದದ್ದು. ಅದಕ್ಕೆ ಕಟ್ಟಡದ ತಾರಸಿಯೂ ನೆಲವೇ, ಮರದ ತಲೆಯೂ ನೆಲವೇ. ಎತ್ತರದಲ್ಲಿ ಹಲವು ಮೀಟರ್ ಹೆಚ್ಚುಕಡಿಮೆ ಇರುತ್ತದೆ. ದೊಡ್ಡ ಕಣಿವೆ ಗುರುತಿಸಲು ಸಾಕು. ನಿಮ್ಮ ಮೂರನೇ ಕ್ರಾಸಿನಲ್ಲಿ ನೀರು ಎಡಕ್ಕೆ ಹೋಗುತ್ತದೋ ಬಲಕ್ಕೆ ಹೋಗುತ್ತದೋ ಹೇಳಲು ಸಾಲದು. ಮಳೆನೀರಿಗೆ ಬಂದ ಆ 21 ಕೂಡ ಇದೇ ಅಂಕಿಯಿಂದ ಬಂದದ್ದು. ಅಂಕಿ ಒರಟು, ದಿಕ್ಕು ಮಾತ್ರ ಸರಿ.

ಇನ್ನೊಂದು ಕೊರತೆ ಮೋರಿ. ರಸ್ತೆಯ ಕೆಳಗೆ, ರೈಲು ಹಳಿಯ ಕೆಳಗೆ ನೀರು ದಾಟುವ ಮೋರಿ ಆಕಾಶಕ್ಕೆ ಕಾಣುವುದಿಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ರಸ್ತೆಯೇ ಅಣೆಕಟ್ಟು. ಇಲ್ಲವೇ ಸಾಫ್ಟ್‌ವೇರ್ ಅಡ್ಡ ಬಂದದ್ದನ್ನು ತಾನೇ ಕೊರೆದು ನೀರನ್ನು ಮುಂದೆ ಕಳಿಸಿಬಿಡುತ್ತದೆ, ನಿಜದಲ್ಲಿ ಆ ಮೋರಿಯಲ್ಲಿ ಮುಕ್ಕಾಲು ಭಾಗ ಹೂಳು ಮತ್ತು ಹಾಸಿಗೆ ದಿಂಬು ಇದ್ದರೂ. ಇದನ್ನು ಸರಿಮಾಡಲು ಒಂದೇ ದಾರಿ. ಕಾಲುವೆ ಹಿಡಿದು ನಡೆಯುವುದು. ಕ್ಯೂಫೀಲ್ಡ್ ಎಂಬ ಪುಕ್ಕಟೆ ಆಪ್ ಮೊಬೈಲಿಗೆ ಹಾಕಿಕೊಂಡರೆ ಅದೇ ನಕ್ಷೆ ನಿಮ್ಮ ಕೈಯಲ್ಲಿ ಇರುತ್ತದೆ. ಪ್ರತಿ ಮೋರಿಯ ಹತ್ತಿರ ನಿಂತು ಅಗಲ, ಎತ್ತರ, ಎಷ್ಟು ಹೂಳು ತುಂಬಿದೆ ಬರೆಯಿರಿ, ಒಂದು ಫೋಟೋ ತೆಗೆಯಿರಿ. ಒಂದು ಭಾನುವಾರದಲ್ಲಿ ಎರಡು ಕಿಲೋಮೀಟರ್ ಆಗುತ್ತದೆ. ನೀರು ನುಗ್ಗಿದ ಮನೆಗಳ ಗೋಡೆಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ, ಸುಣ್ಣ ಬಳಿಯುವ ಮೊದಲು ಟೇಪ್ ಹಿಡಿದು ರಸ್ತೆಯಿಂದ ಎಷ್ಟು ಎತ್ತರ ಎಂದು ಗುರುತು ಹಾಕಿ. ಇಂಥ ಇಪ್ಪತ್ತು ಗುರುತು ಸಿಕ್ಕರೆ ಯಾವ ಉಪಗ್ರಹವೂ ಕೊಡದ ಪ್ರವಾಹ ನಕ್ಷೆ ನಿಮ್ಮದಾಗುತ್ತದೆ.

ಬಡಾವಣೆ 'ಕೆರೆ ಏರಿಯ ಕೆಳಗೆ' ಎಂದು ನೀವೇ ಬರೆದಿದ್ದೀರಿ. ಆ ಮೂರು ಪದದಲ್ಲೇ ಅರ್ಧ ಉತ್ತರ ಇದೆ. ಏರಿಯ ಕೆಳಗಿನ ಜಾಗ ಎಂದರೆ ಸಾಮಾನ್ಯವಾಗಿ ಅಚ್ಚುಕಟ್ಟು. ತೂಬು ಎತ್ತಿದರೆ ನೀರು ಬಂದು ನಿಲ್ಲಬೇಕಾದ ಗದ್ದೆ ಬಯಲು. ನಿಮ್ಮ ಸೈಟುಗಳ ಮೂಲ ಸರ್ವೆ ನಂಬರಿನ ಹಳೆಯ ಪಹಣಿ ತೆಗೆಸಿ ನೋಡಿ. ಖುಷ್ಕಿ ಎಂದಿದೆಯೋ ತರಿ ಎಂದಿದೆಯೋ? ತರಿ ಎಂದಿದ್ದರೆ ಭತ್ತ ಬೆಳೆದ ನೆಲ, ನೀರಿಗೆ ಆ ದಾರಿ ಹೊಸದಲ್ಲ. ನಾನು ಯಾವ ಬಡಾವಣೆಗೆ ಹೋದರೂ ಉಪಗ್ರಹ ಚಿತ್ರಕ್ಕೆ ಮೊದಲು ಪಹಣಿ ಕೇಳುತ್ತೇನೆ. ತರಿ ಸರ್ವೆ ನಂಬರುಗಳಿಗೆ ಒಂದು ಬಣ್ಣ ಹಚ್ಚಿ, ಅದರ ಮೇಲೆ ಕೆಸರಿನ ಗುರುತುಗಳ ಹಾಳೆ ಇಟ್ಟು ನೋಡಿ. ಬಹಳ ಕಡೆ ಎರಡೂ ಒಂದರ ಮೇಲೊಂದು ಕೂರುವುದನ್ನು ಕಂಡಿದ್ದೇನೆ.

ಒಮ್ಮೆ ಹೀಗೆ ನಡೆಯುವಾಗ ಅಪಾರ್ಟ್‌ಮೆಂಟೊಂದರ ಹಿಂದೆ ಹೂ ಮಾರುವ ಅಜ್ಜಿ ಸಿಕ್ಕಿದ್ದರು. ನಕ್ಷೆಯಲ್ಲಿ ಕಾಲುವೆ ಒಂದು ಗೋಡೆಯ ಹತ್ತಿರ ಮಾಯವಾಗಿತ್ತು, ನಾವು ಅಲ್ಲೇ ಸುತ್ತುತ್ತಿದ್ದೆವು. 'ಏನ್ ಹುಡುಕ್ತಿದ್ದೀರಪ್ಪ, ಕೋಡಿ ಕಾಲ್ವೇನಾ? ಆ ಜನರೇಟರ್ ಕೆಳಗೈತೆ' ಎಂದರು. ಬಗ್ಗಿ ನೋಡಿದರೆ ಕಾಂಕ್ರೀಟಿನಡಿ ಹಳೆಯ ಕಲ್ಲಿನ ಕಟ್ಟೆ ಇಣುಕುತ್ತಿತ್ತು. ನಿಮ್ಮೂರಿನಲ್ಲೂ ಹಳೆಯ ಗ್ರಾಮಠಾಣಾದ ನಾಲ್ಕು ಹಿರಿಯರು ಇದ್ದೇ ಇರುತ್ತಾರೆ. ಅವರನ್ನು ಕರೆದುಕೊಂಡು ಹೋಗಿ.

ಟ್ಯಾಂಕರ್ ವಿಷಯಕ್ಕೆ ಉಪಗ್ರಹದಿಂದ ಏನೂ ಸಿಗುವುದಿಲ್ಲ. ಅಂತರ್ಜಲವನ್ನು ಅಂದಾಜು ಮಾಡುವ ಗ್ರೇಸ್ ಉಪಗ್ರಹಗಳಿಗೆ ಕಾಣುವುದು ನೂರಾರು ಕಿಲೋಮೀಟರ್ ಅಗಲದ ಒಟ್ಟು ಚಿತ್ರ, ನಿಮ್ಮ ಬೋರ್‌ವೆಲ್ ಅಲ್ಲ. 340 ಮನೆಗಳ ಬೋರ್‌ವೆಲ್ ಆಳ, ಎಷ್ಟು ತಿಂಗಳು ನೀರು ಬರುತ್ತದೆ, ಮಾರ್ಚ್‌ನಿಂದ ಮೇವರೆಗೆ ಎಷ್ಟು ಟ್ಯಾಂಕರ್ ರಸೀದಿ, ಇಷ್ಟನ್ನು ಒಂದು ಎಕ್ಸೆಲ್ ಹಾಳೆಯಲ್ಲಿ ತುಂಬಿ. ನೀವು ಬ್ಯಾಂಕಿನವರು, ಇದು ನಿಮಗೆ ನೀರು ಕುಡಿದಷ್ಟು ಸುಲಭ. ಮನೆಗಳ ಸ್ಥಾನಕ್ಕೆ ಅದನ್ನು ಜೋಡಿಸಿದರೆ ನಕ್ಷೆ ತಯಾರು. ಇನ್ನೊಂದು ಮಾತು. ನಗರಕ್ಕೆ ಸೇರಿಸಿದ 110 ಹಳ್ಳಿಗಳಿಗೆಂದು 2024ರ ಅಕ್ಟೋಬರ್‌ನಲ್ಲಿ ಶುರುವಾದ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ದಿನಕ್ಕೆ 77.5 ಕೋಟಿ ಲೀಟರ್‌ನದು. ಆ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಆಗಿ ಬರುತ್ತದೆ. ನಿಮ್ಮ ಸಂಪರ್ಕ ಬಂದು ಟ್ಯಾಂಕರ್ ನಿಂತರೆ ವಾರ್ಡಿನ ಅಂಕ ಏರುತ್ತದೆ. ಖರ್ಚಾಗುವ ಕರೆಂಟು ಮತ್ತು ನದಿ ಯಾರ ನಕ್ಷೆಯಲ್ಲಿ ಕಾಣಬೇಕು? ವಾರ್ಡಿನ ಸುಸ್ಥಿರತೆಗೆ ಅಂಕ ಕೊಡುವುದರ ಬಗ್ಗೆ ನನಗಿರುವ ದೊಡ್ಡ ಅನುಮಾನ ಇದೇ.

ಈಗ ದೂರಿನ ವಿಷಯ. ಉಪಗ್ರಹ ಚಿತ್ರದಿಂದ ಒತ್ತುವರಿ ಸಾಬೀತಾಗುತ್ತದೆ ಅನ್ನುವುದು ಬಹಳ ಜನ ನಂಬಿರುವ ತಪ್ಪು ಕಲ್ಪನೆ. ಮೂರು ಮೀಟರ್ ಅಗಲದ ಕಾಲುವೆ ಹತ್ತು ಮೀಟರ್ ಚುಕ್ಕಿಯಲ್ಲಿ ಕಾಣುವುದೇ ಇಲ್ಲ. ಗೂಗಲ್ ಅರ್ತ್ ಪ್ರೊನಲ್ಲಿ ಹಳೆಯ ವರ್ಷಗಳ ಚಿತ್ರ ಹಿಂದಕ್ಕೆ ಸರಿಸಿ ನೋಡಬಹುದು. 'ಆ ವರ್ಷದವರೆಗೆ ಇಲ್ಲಿ ಕಾಲುವೆ ತೆರೆದಿತ್ತು' ಎಂದು ತೋರಿಸಲು ಅದು ಒಳ್ಳೆಯ ಪೂರಕ ಸಾಕ್ಷಿ. ಆದರೆ ಗಡಿ ತೀರ್ಮಾನವಾಗುವುದು ಕಂದಾಯ ದಾಖಲೆಯಿಂದ: ಗ್ರಾಮ ನಕಾಶೆ, ಪಹಣಿಯಲ್ಲಿ ಬಿ-ಖರಾಬು (ಕಾಲುವೆ, ದಾರಿಯಂಥ ಸಾರ್ವಜನಿಕ ಬಳಕೆಯ ಜಾಗ) ಎಷ್ಟು ಗುಂಟೆ ಇದೆ, ಕೊನೆಗೆ ಭೂಮಾಪಕರು ಬಂದು ಮಾಡುವ ಅಳತೆ. ರಾಜ್ಯ ಸರ್ಕಾರದ ದಿಶಾಂಕ್ ಆಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಹುಡುಕಾಟಕ್ಕೆ ಅದು ಬಹಳ ಉಪಯೋಗ, ಆದರೆ ಅದರ ಗೆರೆಯನ್ನು ಹಿಡಿದು ಪಕ್ಕದವರ ಗೋಡೆ ತೋರಿಸಬೇಡಿ. ಹಳೆಯ ಕಾಗದದ ನಕಾಶೆಯನ್ನು ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಹತ್ತಾರು ಅಡಿ ಆಚೀಚೆ ಆಗುವುದು ಮಾಮೂಲು. ತಪ್ಪು ಮನೆಯವರ ಹೆಸರು ದೂರಿನಲ್ಲಿ ಬಂದರೆ ಮಾನನಷ್ಟದ ನೋಟಿಸು ನಿಮಗೇ ಬರುತ್ತದೆ. ದೂರಿನಲ್ಲಿ 'ಈ ಸರ್ವೆ ನಂಬರಿನ ಕಾಲುವೆ ಇಲ್ಲಿಂದ ಇಲ್ಲಿಗೆ ಕಾಣುತ್ತಿಲ್ಲ, ಅಳತೆ ಮಾಡಿಸಿ' ಎಂದು ತಹಶೀಲ್ದಾರರನ್ನು ಕೇಳಿ. ನಕ್ಷೆ, ಮೋರಿಗಳ ಫೋಟೋ, ಕೆಸರಿನ ಗುರುತು ಲಗತ್ತಿಸಿ. ಯಾರು ಮಾಡಿದರು ಎಂಬುದನ್ನು ಅವರು ಬರೆಯಲಿ.

ಬಫರ್, ಅಂದರೆ ಕೆರೆ, ಕಾಲುವೆಗಳ ಅಂಚಿನಲ್ಲಿ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗ. ಅದರ ಬಗ್ಗೆಯೂ ಎಚ್ಚರ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಗೆ 75 ಮೀಟರ್ ಎಂದಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಬೆಂಗಳೂರಿನ ಮಾಸ್ಟರ್ ಪ್ಲಾನ್ 2015ರಲ್ಲಿದ್ದ ಕೆರೆಗೆ 30 ಮೀಟರ್, ಕಾಲುವೆಗಳಿಗೆ ದರ್ಜೆಯ ಪ್ರಕಾರ 50, 25, 15 ಮೀಟರ್ ಅಳತೆ ಮತ್ತೆ ಬಂತು. ನಿಮ್ಮ ಹುಡುಗ 75 ಮೀಟರ್ ಎಳೆದಿದ್ದಾನೆ. ಅದನ್ನು ದೂರಿಗೆ ಲಗತ್ತಿಸಿದರೆ ಮೊದಲ ದಿನವೇ ಬದಿಗೆ ಸರಿಸುತ್ತಾರೆ. ಎದುರಿನ ಕಟ್ಟಡಕ್ಕೆ ಪ್ಲಾನ್ ಮಂಜೂರಾದ ತಾರೀಕು, ಆಗ ಇದ್ದ ನಿಯಮ, ಈಗಿನ ನಿಯಮ ಮೂರನ್ನೂ ವಕೀಲರ ಹತ್ತಿರ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಬಫರ್ ಎಳೆಯುವ ಮೊದಲು ನಕ್ಷೆಯನ್ನು ಡಿಗ್ರಿಯಿಂದ ಮೀಟರ್‌ಗೆ, ಅಂದರೆ ಯುಟಿಎಂ 43 ಉತ್ತರ ವಲಯಕ್ಕೆ ಬದಲಾಯಿಸಲು ಅವನಿಗೆ ನೆನಪಿಸಿ. ಅದನ್ನು ಮರೆತು 30 ಎಂದು ಒತ್ತಿದರೆ 30 ಡಿಗ್ರಿ ಆಗಿಬಿಡುತ್ತದೆ. ನಮ್ಮ ತರಬೇತಿಯಲ್ಲಿ ಪ್ರತಿ ಸಲ ಯಾರಾದರೊಬ್ಬರ ಕೆರೆಯ ಬಫರ್ ಚೀನಾ ಮುಟ್ಟಿರುತ್ತದೆ.

ಡ್ರೋನ್ ಬೇಕೇ? ನಿಮ್ಮ ಸಂಘದ ಖಜಾಂಚಿ ನಾನಾಗಿದ್ದರೆ ಈಗ ಬೇಡ ಎನ್ನುತ್ತಿದ್ದೆ. ಡ್ರೋನಿನಿಂದ ಅಂಗೈಯಷ್ಟು ವಿವರ ಸಿಗುತ್ತದೆ, ನೆಲದ ಏರಿಳಿತವೂ ಚೆನ್ನಾಗಿ ಬರುತ್ತದೆ, ಅದು ನಿಜ. ಆದರೆ ಕಾಂಕ್ರೀಟು ಮುಚ್ಚಿದ ಕಾಲುವೆ ಅದಕ್ಕೂ ಕಾಣುವುದಿಲ್ಲ. ನೆಲದಲ್ಲಿ ಗುರುತುಬಿಂದು ಇಟ್ಟು ಅಳೆಯದಿದ್ದರೆ ಎತ್ತರದ ಲೆಕ್ಕ ನಂಬುವ ಹಾಗಿಲ್ಲ, ಅಗ್ಗದ ಕೊಟೇಶನ್ನಿನಲ್ಲಿ ಬಿಟ್ಟುಹೋಗುವುದು ಅದೇ. ನಿಮ್ಮ ಕಡೆ ಎಚ್‌ಎಎಲ್ ವಿಮಾನ ನಿಲ್ದಾಣವೂ ಹತ್ತಿರ. 2021ರ ಡ್ರೋನ್ ನಿಯಮಗಳ ಪ್ರಕಾರ ಕೇಂದ್ರ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ನೋಡಿ. ಕೆಂಪು, ಹಳದಿ ವಲಯದಲ್ಲಿ ಅನುಮತಿ ಇಲ್ಲದೆ ಹಾರಿಸಿದರೆ ತೊಂದರೆ. ಕಂಪನಿಯವರು 'ಎಲ್ಲಾ ನಾವು ನೋಡ್ಕೋತೀವಿ' ಅನ್ನುತ್ತಾರೆ. ಅದನ್ನು ಬರವಣಿಗೆಯಲ್ಲಿ ಕೇಳಿ. ಮುಂದೆ ಮೋರಿ ದೊಡ್ಡದು ಮಾಡುವ ಅಥವಾ ಕಾಲುವೆ ಮಟ್ಟ ಬದಲಿಸುವ ಯೋಜನೆ ನಿಜವಾಗಿ ಬಂದರೆ ಆಗ ಮಾಡಿಸಿ, ಆಗ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಉಳಿದದ್ದೆಲ್ಲ ಪುಕ್ಕಟೆ. ಕ್ಯೂಜಿಐಎಸ್ ಪುಕ್ಕಟೆ, ಉಪಗ್ರಹ ಚಿತ್ರ ಪುಕ್ಕಟೆ, ಇಸ್ರೋದ ನಕ್ಷೆ ತಾಣ ಭುವನ್ ನೋಡಲು ದುಡ್ಡು ಕೊಡಬೇಕಿಲ್ಲ. ಯಾವ ದಿನ ಎಲ್ಲಿ ಎಷ್ಟು ಮಳೆ ಬಿತ್ತು ಎಂಬುದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಲ್ಲಿದೆ. ಬೇಸ್‌ಮೆಂಟಿಗೆ ನೀರು ಬಂದ ತಾರೀಕುಗಳನ್ನು ಅದರ ಜೊತೆ ಇಟ್ಟು ನೋಡಿ. ಸಣ್ಣ ಮಳೆಗೇ ನುಗ್ಗಿದ್ದರೆ ಎಲ್ಲೋ ಮೋರಿ ಕಟ್ಟಿಕೊಂಡಿದೆ. ದೊಡ್ಡ ಮಳೆಗೆ ಮಾತ್ರ ನುಗ್ಗಿದ್ದರೆ ಕಾಲುವೆಯ ಅಗಲವೇ ಸಾಲದು. ಎರಡಕ್ಕೂ ಮದ್ದು ಬೇರೆ, ಖರ್ಚೂ ಬೇರೆ.

ಆ ಹುಡುಗನ ಮೇಲೆ ಮುನಿಸಿಕೊಳ್ಳಬೇಡಿ. ಸಂಬಳದ ಕೆಲಸ ಮುಗಿಸಿ ರಾತ್ರಿ ಕೂತು ಇಷ್ಟು ಮಾಡಿದ್ದಾನೆ. ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಕೋಡಿಯ ಹತ್ತಿರ ಬರಲು ಹೇಳಿ. ಮೊಬೈಲು ಅವನು ತರಲಿ, ಟೇಪು ಮತ್ತು ಗಂಬೂಟು ಸಂಘದ ಲೆಕ್ಕದಲ್ಲಿ ನೀವು ಕೊಡಿಸಿ.